ತಿರುಗಿ ನೋಡುವ ಹೆಂಗಸರು

ನಗ್ನ ಹೆಣ್ಣಿನ ಚಿತ್ರ ಅಂದ್ರೆ ನಮ್ಮ ತಲೆಯಲ್ಲಿ ಒಂದು ಅಚ್ಚು ಇದೆ. ನುಣುಪು ಮೈ, ದಿಂಬಿಗೆ ಒರಗಿದ ಭಂಗಿ, ಎಲ್ಲೋ ನೋಡ್ತಿರುವ ಕಣ್ಣು. ಆಸ್ಟ್ರಿಯಾದ ಎಗೊನ್ ಶೀಲೆಯ ಚಿತ್ರಗಳ ಪುಸ್ತಕ ಕೈಗೆ ಸಿಕ್ಕಾಗ ನನ್ನೊಳಗಿನ ಆ ಅಚ್ಚು ಒಡೆದುಹೋಯ್ತು. ಅವನ ಹೆಂಗಸರಿಗೆ ಮೊಣಕೈ ಮೂಳೆ ಇದೆ, ಪಕ್ಕೆಲುಬು ಇದೆ, ಚರ್ಮದ ಮೇಲೆ ಹಸಿರು, ಕೆಂಪು ಕಲೆಗಳಿವೆ. ಹಿಂದೆ ಮಂಚವಿಲ್ಲ, ಪರದೆಯಿಲ್ಲ. ಬರೀ ಖಾಲಿ ಕಾಗದ. ಎಷ್ಟೋ ಸಲ ಏಣಿ ಹತ್ತಿ, ಮೇಲಿನಿಂದ ನೋಡಿ ಬರೀತಿದ್ದ. ಅದಕ್ಕೇ ಮಲಗಿದವರೂ ತೇಲ್ತಿರುವ ಹಾಗೆ ಕಾಣ್ತಾರೆ. ಅವರಲ್ಲಿ ಹಲವರು ನೇರವಾಗಿ ನಮ್ಮನ್ನೇ ನೋಡ್ತಾರೆ, 'ಏನು ನೋಡ್ತಿದ್ದೀಯ?' ಅಂತ ಕೇಳುವ ಹಾಗೆ.

ಫೋಟೊ ಅಂದ ತಕ್ಷಣ ಹೊಟ್ಟೆ ಒಳಗೆಳೆದುಕೊಳ್ಳೋದು ನನಗೆ ಉಸಿರಾಡುವಷ್ಟೇ ಅಭ್ಯಾಸ. ಫಿಲ್ಟರ್ ಹಾಕದ ಒಂದು ಸೆಲ್ಫಿಯೂ ನನ್ನ ಫೋನಿನಲ್ಲಿಲ್ಲ. ವಿಚಿತ್ರ ಅನ್ನಿಸಬಹುದು, ಆದ್ರೆ ಆ ಪುಟಗಳ ಮುಂದೆ ನನಗೆ ಹಗುರ ಅನ್ನಿಸ್ತು. ಚೆಂದ ಕಾಣಲೇಬೇಕು ಅನ್ನೋ ಡ್ಯೂಟಿ ಅಲ್ಲಿ ಯಾರಿಗೂ ಇಲ್ಲ.

ಹಾಗಂತ ಅವನೇನು ದೇವರಲ್ಲ. 1912ರಲ್ಲಿ ನಾಯ್ಲೆಂಗ್‌ಬಾಖ್ ಅನ್ನೋ ಊರಲ್ಲಿ ಅವನನ್ನ ಹಿಡಿದು 24 ದಿನ ಒಳಗಿಟ್ಟರು. ಮಕ್ಕಳ ಕಣ್ಣಿಗೆ ಬೀಳುವಂತೆ ಇಂಥ ಚಿತ್ರ ಇಟ್ಟಿದ್ದ ಅನ್ನೋದಕ್ಕೆ ಶಿಕ್ಷೆ. ನ್ಯಾಯಾಧೀಶರು ಒಂದು ಚಿತ್ರವನ್ನ ಸುಟ್ಟೂ ಹಾಕಿದರು. ಸುಟ್ಟಿದ್ದನ್ನ ನಾನು ಒಪ್ಪಲ್ಲ. ಆದ್ರೆ ಚಿಕ್ಕ ಹುಡುಗಿಯರನ್ನ ಕೂರಿಸಿ ಬರೆದ ಪುಟಗಳು ಬಂದಾಗ ನನ್ನ ಕೈ ತಾನಾಗೇ ಪುಟ ಮಗುಚುತ್ತೆ. ಬೇಡ ಅನ್ನೋ ಧೈರ್ಯ ಆ ವಯಸ್ಸಿಗೆ ಎಲ್ಲಿಂದ ಬರಬೇಕು?

ದೊಡ್ಡವರಾದವರ ಕಥೆಯೂ ಅಷ್ಟು ಸಲೀಸಲ್ಲ. ವಾಲಿ ನಾಯ್ಟ್ಸಿಲ್ 1911ರಿಂದ ಅವನ ರೂಪದರ್ಶಿ, ಸಂಗಾತಿ. ಜೈಲಿನ ದಿನಗಳಲ್ಲೂ ಜೊತೆಗೆ ನಿಂತವಳು. 1915ರಲ್ಲಿ ಅವನು ಮದುವೆಯಾದದ್ದು ಎದುರುಮನೆಯ ಎಡಿತ್ ಹಾರ್ಮ್ಸ್‌ಳನ್ನ. ವಾಲಿ ನರ್ಸ್ ಆಗಿ ಮಹಾಯುದ್ಧದ ಸೇವೆಗೆ ಹೋದಳು. 1917ರಲ್ಲಿ ಸ್ಕಾರ್ಲೆಟ್ ಜ್ವರ ಬಂದು ತೀರಿಕೊಂಡಾಗ ಅವಳಿಗಿನ್ನೂ 23. ಮರುವರ್ಷ ಫ್ಲೂ ಹಬ್ಬಿದಾಗ ಬಸುರಿ ಎಡಿತ್ ಹೋದಳು, ಮೂರೇ ದಿನಕ್ಕೆ 28ರ ಶೀಲೆಯೂ.

ಇಂಥ ಚಿತ್ರಗಳ ಕೆಳಗೆ ಎಷ್ಟೋ ಸಲ 'ಕುಳಿತ ನಗ್ನೆ', 'ಒರಗಿದ ನಗ್ನೆ' ಅಂತಷ್ಟೇ ಇರುತ್ತೆ. ಅಶ್ಲೀಲವೋ ಅಲ್ಲವೋ ಅಂತ ನೂರು ವರ್ಷ ಜಗಳ ಆಡಿದ್ದಾಯ್ತು. ನಾನೀಗ ಪುಟ ತೆರೆದ ಕೂಡಲೇ ಹುಡುಕೋದು, ನನ್ನನ್ನೇ ದಿಟ್ಟಿಸುತ್ತಿರುವ ಆ ಹೆಂಗಸಿನ ಹೆಸರನ್ನ.