ಕನ್ನಡರಾಯನ ಹಾದಿಯಲ್ಲಿ

ವಿಶಾಖಪಟ್ಟಣದಲ್ಲಿ ನಾವು ಬಿಡಾರ ಹೂಡಿ 12 ವರ್ಷಗಳಾದವು. ಊರಿನಿಂದ ಬಂದ ನೆಂಟರಿಗೆಲ್ಲ ಕಡಲನ್ನೂ ಸಿಂಹಾಚಲವನ್ನೂ ತೋರಿಸಿ ತೋರಿಸಿ, ಇದು ಪರರ ಊರೆಂಬ ಭಾವನೆ ಸವೆದಿತ್ತೇ ಹೊರತು ಪೂರ್ತಿ ಹೋಗಿರಲಿಲ್ಲ. ಈ ಸಲದ ಸಂಕ್ರಾಂತಿಯ ರಜೆಯಲ್ಲಿ ವಿಜಯವಾಡಕ್ಕೆ ಹೋಗಿ, ಶ್ರೀಕೃಷ್ಣದೇವರಾಯರು ಕಳಿಂಗದ ಮೇಲೆ ದಂಡೆತ್ತಿ ಬಂದ ಜಾಡನ್ನು ಹಿಡಿದು ಮನೆಗೆ ಮರಳಬೇಕೆಂದು ಸಂಕಲ್ಪಿಸಿದೆವು. ರಾಯರಿಗೆ ಆನೆ ಕುದುರೆಗಳಿದ್ದವು. ನಮಗಿದ್ದುದು ರೈಲಿನ ಟಿಕೆಟ್ಟು, ಒಂದು ಬುತ್ತಿ, ಮತ್ತು ದಾರಿಯುದ್ದಕ್ಕೂ ಪ್ರಶ್ನೆ ಕೇಳುವ ಆರನೆಯ ತರಗತಿಯ ಮಗಳು.

ರಾಯರ ಎದುರಾಳಿ ಗಜಪತಿ ಪ್ರತಾಪರುದ್ರ. ಆ ವಂಶದ ಅರಸರ ಬಿರುದಾವಳಿಯಲ್ಲಿ ‘ನವಕೋಟಿ ಕರ್ಣಾಟ ಕಲಬರ್ಗೇಶ್ವರ’ ಎಂಬುದೂ ಉಂಟು. ಅಂದರೆ ಮೊದಲು ಅವರೇ ನಮ್ಮ ನಾಡಿನ ಮೇಲೆ ಹಕ್ಕು ಸಾರಿದ್ದರು. ರಾಯರು 1514ರಲ್ಲಿ ಉದಯಗಿರಿಯನ್ನೂ 1515ರಲ್ಲಿ ಕೊಂಡವೀಡನ್ನೂ ಹಿಡಿದರು. ಗಜಪತಿಯ ಮಗ ವೀರಭದ್ರ ಸೆರೆಸಿಕ್ಕಿದ. ಆಮೇಲೆ ಕೃಷ್ಣೆಯನ್ನು ದಾಟಿದರು.

ಈಗ ಆ ನದಿಯ ಮೇಲೆ ಪ್ರಕಾಶಂ ಬ್ಯಾರೇಜು ಇದೆ. ಕನಕದುರ್ಗೆಯ ದರ್ಶನ ಮಾಡಿಕೊಂಡು, ಬೆಟ್ಟದ ಮೇಲಿಂದ ನೀರಿನ ಹರವನ್ನು ನೋಡುತ್ತ ನಿಂತೆವು. ಅಷ್ಟು ದೊಡ್ಡ ದಂಡು ಇದನ್ನು ಹೇಗೆ ದಾಟಿತೋ ಎಂದು ನಮ್ಮ ಮನೆಯವರು ಬೆರಗಾದರು. ಕೊಂಡಪಲ್ಲಿಯಲ್ಲಿ ಕೋಟೆಗಿಂತ ಬೊಂಬೆಗಳ ಬೀದಿಯೇ ನಮ್ಮನ್ನು ಹೆಚ್ಚು ಹೊತ್ತು ತಡೆಯಿತು. ಹಗುರವಾದ ಪೊಣಿಕಿ ಮರದ ಬೊಂಬೆಗಳಲ್ಲಿ ಅಂಬಾರಿ ಹೊತ್ತ ಆನೆಯೊಂದನ್ನು ಮಗಳು ಕೈಬಿಡಲಿಲ್ಲ. ಕೋಟೆ ಮಾತ್ರ ರಾಯರಿಗೆ ಅಷ್ಟು ಸುಲಭವಾಗಿ ಸಿಕ್ಕಲಿಲ್ಲವಂತೆ. ಆ ಕಡಿದಾದ ಬೆಟ್ಟವನ್ನು ನೋಡಿದರೆ ಕಾರಣವನ್ನು ಯಾರೂ ಹೇಳಬೇಕಾಗಿಲ್ಲ.

ಮರುದಿನ ಬಸ್ಸಿನಲ್ಲಿ ಶ್ರೀಕಾಕುಳಕ್ಕೆ. ವಾಚಕರು ಇದನ್ನು ಉತ್ತರದ ಜಿಲ್ಲಾಕೇಂದ್ರವೆಂದು ತಿಳಿಯಬಾರದು. ಇದು ವಿಜಯವಾಡದಿಂದ ಕೆಳಗೆ, ಕೃಷ್ಣೆಯ ದಂಡೆಯ ಸಣ್ಣ ಹಳ್ಳಿ. ಇಲ್ಲಿನ ದೇವರು ಆಂಧ್ರ ಮಹಾವಿಷ್ಣು. ದಂಡಯಾತ್ರೆಯ ನಡುವೆ ರಾಯರು ಇಲ್ಲಿಗೆ ಬಂದು, ಹರಿವಾಸರದ ಉಪವಾಸವಿದ್ದು ಮಲಗಿದಾಗ, ಗೋದಾದೇವಿಯ ಮದುವೆಯ ಕಥೆಯನ್ನು ತೆಲುಗಿನಲ್ಲಿ ಬರೆಯೆಂದು ಸ್ವಾಮಿ ಕನಸಿನಲ್ಲಿ ಅಪ್ಪಣೆಯಿತ್ತನೆಂದು ‘ಆಮುಕ್ತಮಾಲ್ಯದ’ದ ಆರಂಭದಲ್ಲಿ ರಾಯರೇ ಹೇಳಿಕೊಂಡಿದ್ದಾರೆ. ಅಲ್ಲಿ ದೇವರು ತನ್ನನ್ನು ತೆಲುಗರಾಯನೆಂದೂ ಭಕ್ತನನ್ನು ಕನ್ನಡರಾಯನೆಂದೂ ಕರೆಯುತ್ತಾನೆ! ಗೆದ್ದವನು ಕನ್ನಡದವನು, ಅಪ್ಪಣೆಯಾದದ್ದು ತೆಲುಗಿಗೆ. ಈ ಮಾತು ನಮ್ಮ ಮನಸ್ಸಿಗೆ ಚುರುಕ್ಕೆಂದಿತು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ತೆಲುಗಿನಲ್ಲಿ ಉತ್ತರ ಕೊಟ್ಟಾಗಲೆಲ್ಲ ನಾವು ಮುಖ ಸಿಂಡರಿಸುವುದುಂಟು. ರಾಯರ ತಾಯಿ ನಾಗಲಾದೇವಿಯವರು ಏನೆಂದಿದ್ದರೋ!

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ 350 ಕಿ.ಮೀ. ರಾಯರು ಸಿಂಹಾಚಲವನ್ನು ಮುಟ್ಟಿದ್ದು 1516ರ ಮಾರ್ಚ್ ಕೊನೆಯಲ್ಲಿ, ಶಕ 1438, ಧಾತು ಸಂವತ್ಸರದ ಚೈತ್ರಮಾಸ. ವರಾಹ ನರಸಿಂಹಸ್ವಾಮಿ ವರ್ಷವಿಡೀ ಗಂಧದ ಲೇಪದಲ್ಲಿ ಮರೆಯಾಗಿದ್ದು, ಅಕ್ಷಯ ತದಿಗೆಯಂದು ಮಾತ್ರ ನಿಜರೂಪ ತೋರುತ್ತಾನೆ. ಆ ದಿನದ ನೂಕುನುಗ್ಗಲನ್ನು ಬಲ್ಲ ನಾವು ಬೇರೆ ದಿನವೇ ಹೋಗುವವರು. ಗುಡಿಯ ಕಲ್ಲುಗಳ ಮೇಲೆ ನೂರಾರು ಶಾಸನಗಳು. ರಾಯರದೂ ಅವುಗಳಲ್ಲೊಂದು, ಅದೂ ತೆಲುಗಿನಲ್ಲಿ. ತಂದೆ ನರಸನಾಯಕ, ತಾಯಿ ನಾಗಲಾದೇವಿಯರ ಪುಣ್ಯಾರ್ಥವಾಗಿ 991 ಮುತ್ತುಗಳ ಹಾರ, ಒಂದು ಜೊತೆ ವಜ್ರದ ಕಡಗ, ಶಂಖಚಕ್ರದ ಪದಕ, ಚಿನ್ನದ ಹರಿವಾಣ; ರಾಣಿಯರಾದ ಚಿನ್ನಾದೇವಿ, ತಿರುಮಲದೇವಿಯರ ಕಾಣಿಕೆ ಬೇರೆ. ಕಚೇರಿಯಲ್ಲಿ ದಿನವೂ ಯಾದಿ ಬರೆಯುವ ನಮಗೆ ಈ ಲೆಕ್ಕ ಬಹಳ ಹಿಡಿಸಿತು. ಸಾವಿರ ಎಂದು ದುಂಡಗೆ ಬರೆದುಬಿಡಬಹುದಿತ್ತು, ಬರೆದವನು ಎಣಿಸಿದ್ದಾನೆ.

ನಾವು ಕನ್ನಡದವರೆಂದು ತಿಳಿದ ವೃದ್ಧ ಅರ್ಚಕರೊಬ್ಬರು “ಮೀ ರಾಜುಗಾರೇ ಗದಾ!” ಎಂದು ನಕ್ಕರು. ನಿಮ್ಮ ರಾಜರೇ ಅಲ್ಲವೇ, ಎಂದು. ನಾವು ಹೆಮ್ಮೆಯಿಂದ ತಲೆಯಾಡಿಸಿದೆವು. ಆದರೆ ಕೊಂಡಪಲ್ಲಿಯಾಗಲಿ ಸಿಂಹಾಚಲವಾಗಲಿ ರಾಯರ ಕೈಯಲ್ಲಿ ಬಹುಕಾಲ ಉಳಿಯಲಿಲ್ಲ. ಉತ್ತರಕ್ಕೆ ಪೊಟ್ನೂರಿನಲ್ಲಿ ಜಯಸ್ತಂಭವನ್ನೇನೋ ನೆಟ್ಟರು. ಕೊನೆಗೆ ಗಜಪತಿಯ ಮಗಳ ಕೈಹಿಡಿದು, ಕೃಷ್ಣೆಯ ಉತ್ತರದ ನೆಲವನ್ನೆಲ್ಲ ಮಾವನಿಗೇ ಬಿಟ್ಟುಕೊಟ್ಟರು. ಲೆಕ್ಕ ಹಾಕಿದರೆ ಇಲ್ಲಿ ರಾಯರಿಗಿಂತ ಹೆಚ್ಚು ಕಾಲ ಬಾಳಿದವರು ನಾವೇ.

ಮಗಳು ಕಲ್ಲಿನ ಹತ್ತಿರ ಬಗ್ಗಿ, ಸವೆದ ಅಕ್ಷರಗಳಲ್ಲಿ ಬೆರಳಾಡಿಸುತ್ತ ಒಂದೆರಡನ್ನು ಗುರುತಿಸಿದಳು.

“ಅಪ್ಪಾ, ಇದು ತೆಲುಗು ‘ರ’ನೋ ಕನ್ನಡದ್ದೋ?”

ಆ ಅಕ್ಷರ ಎರಡರಲ್ಲೂ ಒಂದೇ. ಹಾಗೆಂದು ಹೇಳಿದೆವು. “ಹಾಗಾದರೆ ನನಗೆ ಕನ್ನಡವೂ ಓದಲು ಬರುತ್ತೆ” ಎಂದಳು, ಈ ಸಲ ಕನ್ನಡದಲ್ಲಿಯೇ. ಅಷ್ಟರಲ್ಲಿ ಬೆಟ್ಟ ಇಳಿಯುವ ಬಸ್ಸಿನ ಹಾರನ್ ಕೇಳಿಸಿತು. ಅಂಬಾರಿಯ ಆನೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು.