ಕೂಡಿ ಹೊರಟವರು

ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ವಯಸ್ಸಾದವರ ಪಕ್ಕ ಕೂತು ‘ಯಾವೂರು ಯಜ್ಜಾ?’ ಎಂದು ಕೇಳಿ ನೋಡಿ. ಕೆಲವರು ಊರಿನ ಹೆಸರಿಗಿಂತ ಮೊದಲು ‘ನಮ್ದು ಮುಳುಗಡೆ ಊರು’ ಎನ್ನುತ್ತಾರೆ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿದವು, 50 ಸಾವಿರಕ್ಕೂ ಹೆಚ್ಚು ಜನ ಎದ್ದು ಹೊರಡಬೇಕಾಯಿತು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಎರೆಹೊಲ, ಬಾವಿ, ಹಿರಿಯರನ್ನು ಹೂಳಿದ ಜಾಗ ಎಲ್ಲ ನೀರಿನಡಿ ಉಳಿದವು. 1953ರ ಅಕ್ಟೋಬರ್ 1ಕ್ಕೆ ಈ ಸೀಮೆಯೇ ಮದರಾಸು ರಾಜ್ಯ ಬಿಟ್ಟು ಮೈಸೂರು ಸೇರಿತು. ಕೆಲವೇ ವರ್ಷಗಳಲ್ಲಿ ಮನೆಯೂ ಬದಲು, ಸರ್ಕಾರವೂ ಬದಲು.

ಅಷ್ಟು ದೊಡ್ಡದನ್ನು ಹೇಗೆ ತಡಕೊಂಡರು ಎಂದರೆ ಹಳಬರ ಉತ್ತರ ತೀರ ಸರಳ: ‘ಎಲ್ಲಾರೂ ಹೊಂಟ್ರು, ನಾವೂ ಹೊಂಟ್ವಿ.’ ಈ ಮಾತನ್ನು ಬಹಳ ದಿನ ನಾನು ಅಸಹಾಯಕತೆ ಎಂದೇ ಕೇಳಿಸಿಕೊಂಡಿದ್ದೆ. ಈಗ ಅದರಲ್ಲಿ ಈ ನೆಲದ ಧೈರ್ಯದ ಗುಟ್ಟೇ ಇದೆ ಅನಿಸುತ್ತದೆ. ಧೈರ್ಯವೆಂದರೆ ಒಬ್ಬನೇ ಎದೆಯೊಡ್ಡಿ ನಿಲ್ಲುವುದು ಎಂದು ಪುಸ್ತಕಗಳು ಕಲಿಸುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಕಡೆ ಅದು ಜೊತೆಗಿರುವವರಿಂದ ಬರುತ್ತದೆ.

ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ತಾಂಡಾಗಳಿಂದ ಗುಳೆ ಹೊರಡುವವರನ್ನು ನೋಡಬೇಕು. ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ. ಮೇಸ್ತ್ರಿ ಕೊಟ್ಟ ಮುಂಗಡ ಆಗಲೇ ಖರ್ಚಾಗಿರುತ್ತದೆ. ಲಾರಿಯ ಮೇಲೆ ಪಾತ್ರೆ, ಹಾಸಿಗೆ, ಜೋಳದ ಚೀಲ, ಕೋಳಿ, ಕೂಸು. ಮನೆಯಲ್ಲಿ ಮುದುಕರು. ಗುಳೆಯನ್ನು ಹೊಗಳಲು ನನ್ನಿಂದಾಗದು. ಮಕ್ಕಳ ಓದನ್ನು ಅದು ನಡುವೆಯೇ ಕಡಿದುಬಿಡುತ್ತದೆ. ಆದರೆ ಮೊದಲ ಸಲ ಹೊರಟ ಹೊಸ ಸೊಸೆಯ ಪಕ್ಕ ಹತ್ತು ಸುಗ್ಗಿ ಕಂಡ ಹೆಂಗಸು ಕೂತಿರುತ್ತಾಳೆ. ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಗುಡಿಸಲು ಹಾಕುವುದು ಹೇಗೆ, ರವದಿ ಕೊಯ್ದ ಕೈಗೆ ಏನು ಹಚ್ಚುವುದು ಎಲ್ಲ ಅವಳೇ ಹೇಳಿಕೊಡಬೇಕು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ನಡೆಯುವ ಕಾರಣಿಕವೂ ನನಗೆ ಹೀಗೇ ಕಾಣುತ್ತದೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಡೆಂಕಣಮರಡಿಯಲ್ಲಿ ನೆರೆದ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಮಾತು, ಅದಾದಮೇಲೆ ಅವನು ಮೇಲಿಂದ ಕೆಳಗೆ ಬೀಳುತ್ತಾನೆ. ಮಳೆಯೋ ಬರವೋ ಎಂದು ಜನ ಅರ್ಥ ಹುಡುಕುತ್ತ ಊರಿಗೆ ಮರಳುತ್ತಾರೆ. ಬರುವ ವರ್ಷ ಏನು ತರುತ್ತದೋ ಎಂಬ ಅಳುಕನ್ನು ಮನೆಯಲ್ಲಿ ಒಬ್ಬರೇ ಕೂತು ನುಂಗುವುದಕ್ಕಿಂತ ಅಷ್ಟು ಜನರ ನಡುವೆ ನಿಂತು ಕೇಳಿಸಿಕೊಳ್ಳುವುದು ಎಷ್ಟೋ ಮೇಲು.

ಇಷ್ಟೆಲ್ಲ ಊರು, ತಾಂಡಾ ಕೂಡಿ ಹೊರಟವರ ಮಾತಾಯಿತು. ಬದಲಾವಣೆ ಒಬ್ಬರ ಮೈಯಲ್ಲೇ ನಡೆದು, ಮನೆಯವರೇ ಬಾಗಿಲು ಹಾಕಿಕೊಂಡರೆ? ಮಂಜಮ್ಮ ಜೋಗತಿಯವರ ಬದುಕು ಅಂಥದ್ದು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿದವರು. ತನ್ನೊಳಗಿನ ಹೆಣ್ಣನ್ನು ಮುಚ್ಚಿಡಲಾಗದೆ ಹೋದಾಗ ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿ ದೀಕ್ಷೆ ಕೊಡಿಸಿದರು. ಆಮೇಲೆ ಮನೆಯಲ್ಲಿ ಜಾಗವಿರಲಿಲ್ಲ. ಬದುಕೇ ಬೇಡವೆನಿಸಿದ ದಿನಗಳೂ ಬಂದವು, ಭಿಕ್ಷೆ ಬೇಡಿದ ದಿನಗಳೂ ಬಂದವು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡವಿಟ್ಟು ಕುಣಿಯುತ್ತಿದ್ದ. ಅದನ್ನು ನೋಡಿದ ಮಂಜಮ್ಮ ಕಲಿಯಲು ಅವರನ್ನೇ ಹಿಡಿದರು. ಅಲ್ಲಿಂದ ಹಗರಿಬೊಮ್ಮನಹಳ್ಳಿ ಸೀಮೆಯ ಕಾಳವ್ವ ಜೋಗತಿಯ ಬಳಿಗೆ. ಕಾಳವ್ವ ಕುಣಿಸಿ ನೋಡಿದರು, ತಂಡಕ್ಕೆ ಸೇರಿಸಿಕೊಂಡರು, ಸಣ್ಣಪುಟ್ಟ ಪಾತ್ರ ಕೊಟ್ಟರು.

ಮಂಜಮ್ಮನ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಒಂದೇ ಜಿಗಿತಕ್ಕೆ ಪ್ರಶಸ್ತಿಗಳಿಗೆ ಹೋಗಿಬಿಡುತ್ತಾರೆ: 2010ರ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರ ಪದ್ಮಶ್ರೀ. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ನನಗೆ ಮಾತ್ರ ಕಾಳವ್ವನ ಕಡೆಯೇ ಮನಸ್ಸು ಹೋಗುತ್ತದೆ. ಮನೆಯವರು ಬಿಟ್ಟುಕೊಟ್ಟ ಜೀವವನ್ನು ‘ಬಾ, ಕುಣಿ’ ಎಂದು ಕರೆದು ಮುಂದೆ ನಿಲ್ಲಿಸಿದವರು ಅವರು. ಪಾತ್ರ ಸಣ್ಣದಿರಬಹುದು, ಆದರೆ ನಾಳೆ ಎಲ್ಲಿಗೆ ಹೋಗಬೇಕು ಎಂಬುದು ಅಂದಿನಿಂದ ಮಂಜಮ್ಮನಿಗೆ ಗೊತ್ತಿತ್ತು. ಕಾಳವ್ವನ ನಂತರ ಆ ತಂಡವನ್ನು ಮಂಜಮ್ಮನೇ ಮುನ್ನಡೆಸಿದರು.

ಇವೇ ತಾಲ್ಲೂಕುಗಳಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಕಥೆಯೂ ಇದೆ. ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ 1982ರಲ್ಲೇ ಬಂತು. ಆಮೇಲೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆ ಬಂತೆಂದರೆ ಅಧಿಕಾರಿಗಳು ಕಾವಲು ಕಾಯಬೇಕಾಯಿತು. ರಾಜ್ಯದಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ದಾಖಲಾದ ಮಹಿಳೆಯರು 46,660. ಮುತ್ತು ಕಟ್ಟಿದವರನ್ನು, ಕಟ್ಟಿಸಿದ ಪದ್ಧತಿಯನ್ನು ಎದುರು ಹಾಕಿಕೊಳ್ಳುವುದು ಸುಲಭದ ಮಾತಲ್ಲ. ದೇವಿ ಮುನಿಯುತ್ತಾಳೆ ಎಂಬ ಭಯ ಒಂದು ಕಡೆ, ನಾಳೆಯ ಊಟ ಇನ್ನೊಂದು ಕಡೆ. ವಿಮೋಚನಾ ಸಂಘಗಳಾದ ಮೇಲೆ ‘ನನ್ನ ಮಗಳಿಗೆ ಬ್ಯಾಡ’ ಎನ್ನುವ ದನಿಗಳು ಗಟ್ಟಿಯಾದವು. ಅದೇ ಮಾತನ್ನು ಹತ್ತು ಜನ ಹೇಳಿದರೆ ದೇವಿ ಯಾರ ಮೇಲೆ ಮುನಿಯಬೇಕು?

ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾಲಿ ಜಾಗ ಇವರ ಮಕ್ಕಳನ್ನು ದಶಕಗಳಿಂದ ಅವಮಾನಿಸಿದೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಕಾನೂನಿನ ಪ್ರಕಾರ ಅದನ್ನು ತುಂಬಲೇಬೇಕಿಲ್ಲ. ತಂದೆಯನ್ನು ಗುರುತಿಸಿ ಹಕ್ಕು ಕೇಳಲೂ ಬಹುದು. ಕಾನೂನು ಒಳ್ಳೆಯದೇ. ಆದರೆ ಗಂಡಸಿನ ಹೆಸರನ್ನು ಊರೆದುರು ಹೇಳಬೇಕಾದವಳು ಅದೇ ಊರಿನ ಕೇರಿಯಲ್ಲಿ, ಬಹುಪಾಲು ಅವನ ಹೊಲದಲ್ಲೇ ಕೂಲಿ ಮಾಡುತ್ತಾಳೆ. ಕೂಡ್ಲಿಗಿಯ ಒಳಹಳ್ಳಿಯಿಂದ ಅವಳು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೊರಟ ದಿನ ಸಂಘದ ನಾಲ್ಕು ಹೆಂಗಸರು ಅದೇ ಬಸ್ಸು ಹತ್ತಬೇಕು, ದಿನದ ಕೂಲಿ ಬಿಟ್ಟು. ಆ ಕೂಲಿಯನ್ನು ಅವರಿಗೆ ಯಾರು ತುಂಬಿಕೊಡುತ್ತಾರೆ ಎಂಬುದನ್ನು ಸರ್ಕಾರ ಈಗಲೇ ಯೋಚಿಸಬೇಕು.