ಮಾಗಿದ ತಂತಿ

ರಾಯಚೂರಿನಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಸಿಗುತ್ತದೆ, ಹತ್ತಿ ಜಿನ್ನಿಂಗ್ ಯಂತ್ರದ್ದು ಸಿಗುತ್ತದೆ, ಅಕ್ಕಿ ಗಿರಣಿಯದೂ ಸಿಗುತ್ತದೆ. ಇಲ್ಲದ್ದನ್ನು ಹೈದರಾಬಾದಿನಿಂದ ತರಿಸಿಕೊಡುವ ಅಂಗಡಿಗಳಿವೆ. ಆದರೆ ಹಳೆಯ ರೆಸಿಸ್ಟೆನ್ಸ್ ಬಾಕ್ಸಿನ ಒಂದು ಪ್ಲಗ್ ಕಳೆದರೆ, ಒಳಗಿನ ಒಂದು ಸುರುಳಿ ಕಡಿದುಹೋದರೆ, ಕೇಳಲು ಅಂಗಡಿಯೇ ಇಲ್ಲ. ಹುಡುಕಾಟ ಊರೂರಿಗೆ ಹರಡುತ್ತದೆ. ನನಗೆ ಅದರಲ್ಲೇ ಸಂತೋಷ.

ಭೌತಶಾಸ್ತ್ರದ ಲ್ಯಾಬಿನಲ್ಲಿ ನಿಂತವರಿಗೆಲ್ಲ ಆ ಪೆಟ್ಟಿಗೆಯ ಪರಿಚಯವಿದೆ. ಮರದ ಮೈ, ಮೇಲೆ ಎಬೊನೈಟಿನ ಕಪ್ಪು ಹಲಗೆ, ಅದರ ಮೇಲೆ ಸಾಲಾಗಿ ದಪ್ಪ ಹಿತ್ತಾಳೆ ತುಂಡುಗಳು, ಎರಡೆರಡರ ನಡುವೆ ಒಂದು ತೂತು, ತೂತಿಗೊಂದು ಪ್ಲಗ್. ಪ್ಲಗ್ ಬಿಗಿಯಾಗಿ ಕೂತಿದ್ದರೆ ಕರೆಂಟು ಹಿತ್ತಾಳೆಯ ಮೇಲೇ ದಾಟಿಹೋಗುತ್ತದೆ. ಕಿತ್ತರೆ ಕೆಳಗಿನ ಸುರುಳಿಯನ್ನು ಹಾದು ಬರಬೇಕು. ಆ ಸುರುಳಿಯ ತಂತಿಯನ್ನು ನಡುವೆ ಮಡಿಚಿ ಜೋಡಿಯಾಗಿ ಸುತ್ತಿರುತ್ತಾರೆ. ಹೋಗುವ ಕರೆಂಟಿನ ಕಾಂತಬಲವನ್ನು ಬರುವ ಕರೆಂಟು ಅಳಿಸಲಿ ಎಂದು.

ಮೊದಲು ಕಾಡಿದ್ದು ಪ್ಲಗ್. ಅದು ಕೆಳಗೆ ಸಣ್ಣಗಾಗುತ್ತ ಹೋಗುವ ಹಿತ್ತಾಳೆ ಬೆಣೆ. ಒಂದು ಪೆಟ್ಟಿಗೆಯದು ಇನ್ನೊಂದಕ್ಕೆ ಆಗುವುದಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಒಂದು ತೂತಿನದು ಪಕ್ಕದ ತೂತಿಗೂ ಆಗುವುದಿಲ್ಲ. ಮಾನ್ವಿಯಲ್ಲಿ ಒಬ್ಬ ಲೇತ್ ಕೆಲಸದವರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಆ ಸೀಮೆಗೆ ಭತ್ತ ಬಂತು, ಭತ್ತದ ಬೆನ್ನಿಗೆ ಗಿರಣಿಗಳು, ಗಿರಣಿಗಳ ಬೆನ್ನಿಗೆ ಲೇತ್ ಅಂಗಡಿಗಳು. ಮಾದರಿಗೆಂದು ಒಯ್ದಿದ್ದ ಪ್ಲಗ್ಗನ್ನು ಅವರು ಬೆರಳಲ್ಲಿ ತಿರುಗಿಸಿ ನೋಡಿ, "ಹಿತ್ತಾಳಿ ತಿರುವಿ ಕೊಡೂದು ದೊಡ್ಡದಲ್ರಿ ಸರ್. ಆದ್ರ ಪೆಟ್ಟಿಗಿ ತರ್ರಿ. ತೂತು ನೋಡ್ಲಾರ್ದ ಹ್ಯಾಂಗ್ ಮಾಡ್ಲಿ?" ಎಂದರು. ನನಗೆ ಬೇಕಾದ ಮನುಷ್ಯ ಸಿಕ್ಕರು ಅನ್ನಿಸಿತು. ಪೆಟ್ಟಿಗೆ ಒಯ್ದೆ. ಹೊಸ ಪ್ಲಗ್ಗಿಗೆ ತೆಳುವಾಗಿ ನೀಲಿ ಬಣ್ಣ ಸವರಿ, ತೂತಿಗೆ ಒತ್ತಿ ತೆಗೆದು, ಎಲ್ಲಿ ತಾಗಿದೆ ಎಲ್ಲಿ ತಾಗಿಲ್ಲ ಎಂದು ನೋಡುತ್ತ, ತಾಗಿದಲ್ಲಿ ಮಾತ್ರ ಉಜ್ಜುತ್ತ ಹೋದರು. ಮೈತುಂಬ ಒಂದೇ ಸಮ ಬಣ್ಣ ಕಾಣುವ ತನಕ ಬಿಡಲಿಲ್ಲ. "ತೂತಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದು ನನಗೇ ಎಚ್ಚರ ಹೇಳಿದರು. ಸರಿಯಾಗಿ ಕೂತ ಪ್ಲಗ್ಗಿನ ತಡೆ ಓಮಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಇರಬೇಕು. ಅವರ ಕೈಯಲ್ಲಿ ಅದು ಬಂತು, ಓಮಿನ ಹೆಸರು ಎತ್ತದೆಯೇ.

ಸುರುಳಿಯ ಕತೆ ಇನ್ನೂ ಆಳ. ಅದರ ತಂತಿ ಮ್ಯಾಂಗನಿನ್: ತಾಮ್ರ ಸುಮಾರು 84 ಪಾಲು, ಮ್ಯಾಂಗನೀಸ್ 12, ನಿಕಲ್ 4. 19ನೇ ಶತಮಾನದ ಕೊನೆಯಲ್ಲಿ ಎಡ್ವರ್ಡ್ ವೆಸ್ಟನ್ ರೂಪಿಸಿದ ಮಿಶ್ರಲೋಹ. ನಮ್ಮ ಬಿಸಿಲಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. 20 ಡಿಗ್ರಿಯಲ್ಲಿ 100 ಓಮ್ ಇದ್ದ ತಾಮ್ರದ ಸುರುಳಿ ರಾಯಚೂರಿನ ಮೇ ತಿಂಗಳ 42 ಡಿಗ್ರಿಗೆ 108 ಓಮ್ ದಾಟುತ್ತದೆ. ಮ್ಯಾಂಗನಿನ್ ಕದಲುವುದು ಓಮಿನ ನೂರನೇ ಪಾಲಿನ ಲೆಕ್ಕದಲ್ಲಿ.

ಹಾಗಾದರೆ ಹೊಸ ಮ್ಯಾಂಗನಿನ್ ತಂತಿ ಕೊಂಡು ಸುತ್ತಬಾರದೇಕೆ? ಸುತ್ತಬಹುದು. ಆದರೆ ಸುತ್ತುವಾಗ ತಂತಿಯ ಮೈಗೆ ಬಿದ್ದ ಬಿಗಿ ಬೇಗ ಇಳಿಯುವುದಿಲ್ಲ. 140 ಡಿಗ್ರಿಯ ಸುಮಾರಿಗೆ ದಿನವಿಡೀ ಕಾಯಿಸಿ ಇಟ್ಟರೂ ಮುಂದೆ ಕೆಲವು ವರ್ಷ ಅದರ ಬೆಲೆ ಸ್ವಲ್ಪಸ್ವಲ್ಪವೇ ಸರಿಯುತ್ತಿರುತ್ತದೆ. ಹಳೆಯ ಸುರುಳಿ ಆ ಚಡಪಡಿಕೆಯನ್ನೆಲ್ಲ ಮುಗಿಸಿ, ಹುಣಸೆಹಣ್ಣಿನ ಹಾಗೆ ಮಾಗಿ ಕೂತಿರುತ್ತದೆ. ನಾನು ಹುಡುಕುವುದು ಆ ಮಾಗಿದ ವರ್ಷಗಳನ್ನು. ಅವನ್ನು ಯಾವ ಕಾರ್ಖಾನೆಯೂ ಈ ವಾರ ತಯಾರಿಸಿ ಕಳಿಸಲಾರದು.

ಅಂಥದ್ದು ಸಿಕ್ಕಿದ್ದು ದೇವದುರ್ಗದಲ್ಲಿ. ಒಂದು ಶಾಲೆಯವರು ಕಂಡೆಮ್ ಮಾಡಿದ ಸಾಮಾನಿನ ರಾಶಿಯಲ್ಲಿ ಹಲಗೆ ಸೀಳಿದ ಪೆಟ್ಟಿಗೆಯೊಂದು ಬಿದ್ದಿತ್ತು. ಪ್ಲಗ್ಗುಗಳೆಲ್ಲ ಮಾಯ. ಬಿಸಿಲಿಗೆ ಎಬೊನೈಟು ಹಸಿರುಗಂದಾಗಿತ್ತು. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು ಅದು. ಬೆಳಕಿಗೆ ಆ ಗಂಧಕ ಆಮ್ಲವಾಗಿ ಮೇಲ್ಮೈಗೆ ಬರುತ್ತದೆ, ಕರೆಂಟು ಅಲ್ಲೇ ಸೋರತೊಡಗುತ್ತದೆ. ಆದರೆ ಸ್ಕ್ರೂ ಬಿಚ್ಚಿ ಮಗುಚಿದರೆ ಅರಗಿನ ಲೇಪದ ಕೆಳಗೆ 50 ಓಮಿನ ಸುರುಳಿ ಹಾಗೇ ಇತ್ತು, ಬೆಳ್ಳಿ ಬೆಸುಗೆಯ ಸಮೇತ. ಗಬ್ಬೂರಿನ ಮೇಲೆ ವಾಪಸ್ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಅರಗಿನದೂ ಒಂದು ಸ್ವಭಾವ ಉಂಟು. ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಇ. ಬಿ. ರೋಸಾ 20ನೇ ಶತಮಾನದ ಮೊದಲ ದಶಕದಲ್ಲೇ ಅದನ್ನು ಕಂಡುಹಿಡಿದರು. ಗಾಳಿಯ ತೇವ ಹೀರಿ ಅರಗು ಉಬ್ಬುತ್ತದೆ, ತಂತಿಯನ್ನು ಎಳೆಯುತ್ತದೆ, ಓಮ್ ಏರುತ್ತದೆ. ಅದಕ್ಕೇ ಅವರು ಸುರುಳಿಗಳನ್ನು ಎಣ್ಣೆಯಲ್ಲಿಟ್ಟು ಡಬ್ಬಿ ಮುಚ್ಚಿಬಿಟ್ಟರು. ನಮ್ಮಲ್ಲಿ ಏಪ್ರಿಲ್ಲಿನ ಒಣಹವೆಯಲ್ಲಿ ಅಳೆದದ್ದನ್ನು ಶ್ರಾವಣದಲ್ಲಿ ಮತ್ತೊಮ್ಮೆ ಅಳೆಯಬೇಕು.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 1980ರಲ್ಲಿ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ಕಂಡ ಕ್ವಾಂಟಮ್ ಹಾಲ್ ಪರಿಣಾಮದಿಂದ 25,812.807 ಓಮ್ ಎಂಬ ಬೆಲೆ ಪ್ರಕೃತಿಯಿಂದಲೇ ಸಿಗುತ್ತದೆ, ನಿಜ. ಆದರೆ ಆ ಬೆಲೆ ನಾವು ಬಳಸುವ ಮೀಟರುಗಳ ತನಕ ಇಳಿದು ಬರಬೇಕಾದರೆ ನಡುವೆ ಮೆಟ್ಟಿಲುಗಳಾಗಿ ನಿಲ್ಲುವುದು ತಂತಿ ಸುತ್ತಿದ ಸುರುಳಿಗಳೇ. ಶಾಖ ಅಳೆಯುವ ಪ್ಲಾಟಿನಂ ತಂತಿ 0 ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.5 ಓಮ್. ಅದರ ಮೀಟರು ಸುಳ್ಳು ಹೇಳುತ್ತಿದೆಯೇ ಎಂದು ಪರೀಕ್ಷಿಸಲು ನಂಬಬಹುದಾದ ಒಂದು ಪೆಟ್ಟಿಗೆಯಿಂದ ಅದೇ 138.5 ಓಮ್ ಕೊಡಬೇಕು. ಅಂಥ ಮೀಟರುಗಳನ್ನು ನಂಬಿ ನಡೆಯುವ ಬಾಯ್ಲರುಗಳಿರುವ ಜಿಲ್ಲೆ ನಮ್ಮದು.

ದೇವದುರ್ಗದ ಸುರುಳಿಯನ್ನು ಕೂಡಿಸಿ, ನಾಲ್ಕು ತಂತಿಯ ಮೀಟರಿನಲ್ಲಿ ಅಳೆದಾಗ 50 ಬರಲಿಲ್ಲ, 49.98 ಬಂತು. ಉಜ್ಜಿ 50 ಮಾಡಲು ನನಗೆ ಮನಸ್ಸಿಲ್ಲ. ಉಜ್ಜಿದರೆ ಮಾಗಿದ್ದು ಕೆಡುತ್ತದೆ. ಅಳೆದ ಬೆಲೆ, ಆ ದಿನದ ಶಾಖ, ತಿಂಗಳು ಬರೆದ ಚೀಟಿಯನ್ನು ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಈಗ ಬೇಕಾಗಿರುವುದು 1000 ಓಮಿನ ಸುರುಳಿ. ಸಿಂಧನೂರು, ಲಿಂಗಸುಗೂರಿನ ಮೇಷ್ಟ್ರುಗಳಿಗೆ ಹೇಳಿಟ್ಟಿದ್ದೇನೆ: ಹಳೆಯ ಪೆಟ್ಟಿಗೆಯನ್ನು ಗುಜರಿಗೆ ತೂಕಕ್ಕೆ ಹಾಕುವ ಮೊದಲು ಒಂದು ಫೋನ್ ಮಾಡಿರಿ, ತಳದ ಸ್ಕ್ರೂ ಬಿಚ್ಚಿ ನೋಡಲು ನಾನೇ ಬರುತ್ತೇನೆ.